‘ಸಾರ್ ಇಲ್ವಾ ಮೇಡಂ?’: ಮನೆ ರಿಪೇರಿ ಬಗ್ಗೆ ಓದುಗರು ಕೇಳಿದ್ದು

ರಿಪೇರಿಗೆ ಬಂದವರು ಹೆಣ್ಣುಮಕ್ಕಳ ಜೊತೆ ಬೇರೆ ಥರ ನಡೆದುಕೊಳ್ಳುತ್ತಾರೆಯೇ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇವೆ. ವೈರಿಂಗ್, ನಲ್ಲಿ ಕೆಲಸ ಬಲ್ಲವರು ಮತ್ತು ಗ್ರಾಹಕರ ಕಾನೂನು ತಿಳಿದವರು ಸೇರಿ ಉತ್ತರ ಬರೆದಿದ್ದಾರೆ.

ಗೀಸರ್ ಕೆಟ್ಟಿತ್ತು. ಬಂದವರು ಐದು ನಿಮಿಷ ನೋಡಿ ‘ಇದು ಹೋಯ್ತು ಮೇಡಂ, ಹೊಸದು ತಗೊಳ್ಳಿ’ ಅಂದರು. ಸಂಜೆ ನಮ್ಮ ಮನೆಯವರು ಅದೇ ನಂಬರಿಗೆ ಫೋನ್ ಮಾಡಿದರೆ ‘ಕಾಯಿಲ್ ಚೇಂಜ್ ಮಾಡಿದ್ರೆ ಸಾಕು ಸಾರ್’ ಅಂದರಂತೆ. ನಾನು ಹೆಂಗಸು ಅಂತಲೇ ಹೀಗೆ ಹೇಳಿದ್ದಾ?
— ಗೃಹಿಣಿ, ದಾವಣಗೆರೆ

ನಿಮ್ಮ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಕಾರು ಗ್ಯಾರೇಜುಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. 2003ರ ಮಾದರಿಯ ಟೊಯೋಟಾ ಕ್ಯಾಮ್ರಿಗೆ ರೇಡಿಯೇಟರ್ ಬದಲಿಸಲು ಎಷ್ಟಾಗುತ್ತದೆ ಎಂದು ಗಂಡಸರಿಂದಲೂ ಹೆಂಗಸರಿಂದಲೂ ಫೋನ್ ಮಾಡಿಸಿದರು. ‘ಇದಕ್ಕೆಲ್ಲ ಎಷ್ಟಾಗುತ್ತೋ ನನಗೆ ಗೊತ್ತಿಲ್ಲ’ ಎಂದು ಮಾತು ಶುರು ಮಾಡಿದಾಗ ಹೆಂಗಸರಿಗೆ ಹೇಳಿದ ದರ ಹೆಚ್ಚಿತ್ತು. ‘ಇಷ್ಟಾಗುತ್ತೆ ಅಂತ ಕೇಳಿದ್ದೀನಿ’ ಎಂದು ಒಂದು ಮೊತ್ತ ಹೇಳಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಇನ್ನೂ ಒಂದು ಸಂಗತಿ: ಕಡಿಮೆ ಮಾಡಿ ಎಂದು ಕೇಳಿದಾಗ ದರ ಇಳಿದದ್ದು ಹೆಂಗಸರಿಗೇ ಹೆಚ್ಚು ಸಲ.

ಅಂದರೆ ‘ಇವರಿಗೆ ಗೊತ್ತಿರಲ್ಲ’ ಎಂಬ ಊಹೆಯ ಮೇಲೆ ರೇಟು ಕಟ್ಟುತ್ತಾರೆ. ಆ ಊಹೆಯನ್ನು ಮೊದಲ ಫೋನಿನಲ್ಲೇ ಮುರಿಯಬೇಕು. ‘ಗೀಸರ್ ಕೆಟ್ಟಿದೆ, ಬನ್ನಿ’ ಎನ್ನಬೇಡಿ. ಹೀಗೆ ಹೇಳಿ: ‘15 ಲೀಟರಿನ, 2 ಕಿಲೋವ್ಯಾಟ್ ಗೀಸರ್. ದೀಪ ಉರಿಯುತ್ತೆ, ನೀರು ಕಾಯಲ್ಲ. ಎಲಿಮೆಂಟ್ ಹೋಗಿರಬಹುದು. ವಿಸಿಟಿಂಗ್ ಚಾರ್ಜ್ ಎಷ್ಟು? ಎಲಿಮೆಂಟ್ ಬದಲಿಸೋ ಕೂಲಿ ಎಷ್ಟು? ಗ್ಯಾಸ್ಕೆಟ್ ಅದರಲ್ಲೇ ಸೇರಿದೆಯಾ?’ ಲೀಟರ್, ವ್ಯಾಟ್ ಎರಡೂ ಗೀಸರಿನ ಮೈಮೇಲಿನ ಚೀಟಿಯಲ್ಲೇ ಇರುತ್ತವೆ.

ಇಷ್ಟು ಹೇಳಲು ಗೀಸರಿನೊಳಗೆ ಏನಿದೆ ಎಂದು ಗೊತ್ತಿದ್ದರೆ ಸಾಕು. ನೀರು ಕಾಯಿಸುವ ಎಲಿಮೆಂಟ್ (ಇದನ್ನೇ ಕಾಯಿಲ್ ಅನ್ನುತ್ತಾರೆ), ಬಿಸಿ ಎಷ್ಟಾದಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಥರ್ಮೋಸ್ಟಾಟ್, ಅದೂ ಕೈಕೊಟ್ಟಾಗ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್, ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಕರಗುವ ಮೆಗ್ನೀಸಿಯಂ ಆನೋಡ್ ರಾಡ್, ಹೆಚ್ಚಾದ ಒತ್ತಡ ಹೊರಬಿಡುವ ಸೇಫ್ಟಿ ವಾಲ್ವ್. ನೀರು ಕಾಯುತ್ತಿದೆ ಎಂದು ತೋರಿಸುವ ದೀಪ ಉರಿದೂ ನೀರು ತಣ್ಣಗೇ ಇದ್ದರೆ ಮೊದಲ ಅನುಮಾನ ಎಲಿಮೆಂಟ್ ಮೇಲೆ. ದೀಪವೇ ಉರಿಯದಿದ್ದರೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಥರ್ಮೋಸ್ಟಾಟ್ ಅಥವಾ ಕಟ್‌ಔಟ್. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಟ್ರಿಪ್ ಆದರೆ ಎಲಿಮೆಂಟಿನಿಂದ ಕರೆಂಟ್ ಸೋರುತ್ತಿರಬಹುದು. ಆ ಗೀಸರನ್ನು ಮತ್ತೆ ಹಾಕಿ ನೋಡಲು ಹೋಗಬೇಡಿ. ಇವು ಯಾವುದಕ್ಕೂ ಇಡೀ ಗೀಸರ್ ಬದಲಿಸಬೇಕಿಲ್ಲ. ಒಳಗಿನ ಟ್ಯಾಂಕೇ ತೂತಾಗಿ ನೀರು ಜಿನುಗುತ್ತಿದ್ದರೆ ಮಾತ್ರ ‘ಹೊಸದು ತಗೊಳ್ಳಿ’ ಎಂಬುದು ನ್ಯಾಯವಾದ ಸಲಹೆ. ಅಲ್ಲೂ ಒಂದು ಎಚ್ಚರ ಬೇಕು: ಎಲಿಮೆಂಟ್ ಕೂರುವ ಜಾಗದ ರಬ್ಬರ್ ಗ್ಯಾಸ್ಕೆಟ್ ಒಡೆದರೂ ಕೆಳಗಿನಿಂದ ನೀರು ತೊಟ್ಟಿಕ್ಕುತ್ತದೆ. ಮುಚ್ಚಳ ಬಿಚ್ಚಿಸಿ ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ನೋಡಿ.

ಎಲಿಮೆಂಟ್ ಹೋಗಿದೆ ಎಂದರೆ ‘ಮೀಟರ್ ಹಿಡಿದು ತೋರಿಸಿ’ ಎನ್ನಿ. ಎಂಸಿಬಿ (ಹೊರೆ ಹೆಚ್ಚಾದಾಗ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಎಲಿಮೆಂಟಿನ ಎರಡೂ ವೈರ್ ಬಿಚ್ಚಿ, ಮಲ್ಟಿಮೀಟರನ್ನು ರೋಧ ಅಳೆಯುವ ಓಮ್‌ಗೆ ತಿರುಗಿಸಿ ಎರಡು ತುದಿಗೆ ಹಿಡಿದರೆ 2 ಕಿಲೋವ್ಯಾಟ್ ಎಲಿಮೆಂಟ್ ಸುಮಾರು 26 ಓಮ್ ತೋರಿಸಬೇಕು, 3 ಕಿಲೋವ್ಯಾಟ್ ಆದರೆ 17ರಿಂದ 18. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಒಂದು ಕಡ್ಡಿ ಎಲಿಮೆಂಟಿನ ತುದಿಗೆ, ಇನ್ನೊಂದು ಗೀಸರಿನ ಲೋಹದ ಮೈಗೆ ಹಿಡಿದಾಗ ಮೀಟರ್ ಏನಾದರೂ ತೋರಿಸಿದರೆ ಸೋರಿಕೆ ಇದೆ. ಎರಡು ನಿಮಿಷದ ಕೆಲಸ. ಮೀಟರ್ ತರದೆ ಬರೀ ಟೆಸ್ಟರ್ ಹಿಡಿದು ‘ಹೋಯ್ತು’ ಅನ್ನುವವರ ಮಾತಿನ ಮೇಲೆ ಸಾವಿರಾರು ರೂಪಾಯಿ ಖರ್ಚು ಮಾಡಬೇಡಿ.

ಹಳೆಯ ಎಲಿಮೆಂಟ್ ಹೊರಗೆ ಬಂದಾಗ ಅದರ ಮೇಲೆ ಸುಣ್ಣದಂಥ ಬಿಳಿ ಪದರ ದಪ್ಪಗೆ ಕಟ್ಟಿರುವುದನ್ನು ನೋಡುತ್ತೀರಿ. ಬೋರ್‌ವೆಲ್‌ನ ಗಡಸು ನೀರಿನ ಕೆಲಸ ಅದು. ಆ ಪದರದಿಂದಾಗಿ ಶಾಖ ನೀರಿಗೆ ಇಳಿಯುವುದಿಲ್ಲ, ಎಲಿಮೆಂಟ್ ಒಳಗೇ ಕಾದು ಸುಡುತ್ತದೆ. ಅದೇ ಹೊತ್ತಿಗೆ ಆನೋಡ್ ರಾಡ್ ಕೂಡ ಬಿಚ್ಚಿಸಿ ನೋಡಿ. ಸವೆದು ಕಡ್ಡಿಯಾಗಿದ್ದರೆ ಜೊತೆಗೇ ಹಾಕಿಸಿ. ಅದನ್ನು ಬಿಟ್ಟರೆ ಮುಂದಿನ ಸಲ ಹೋಗುವುದು ಟ್ಯಾಂಕೇ.

ಹೊಸ ಎಲಿಮೆಂಟ್ ಕೂರಿಸಿದ ಮೇಲೆ ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಹೋಗಿ ನೀರು ಒಂದೇ ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಹೊಸ ಎಲಿಮೆಂಟ್ ಆಗಲೇ ಸುಟ್ಟುಹೋಗುತ್ತದೆ, ಆಮೇಲೆ ತಪ್ಪು ‘ಡೂಪ್ಲಿಕೇಟ್ ಪಾರ್ಟ್’ ತಲೆಗೆ ಬರುತ್ತದೆ. ಇನ್ನೆರಡು ಕೆಲಸಕ್ಕೆ ಖಂಡಿತ ಒಪ್ಪಬೇಡಿ. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ ಎಂದು ಅದಕ್ಕೆ ಮುಚ್ಚಳ ಬಿಗಿಯುವುದು: ಒತ್ತಡ ಹೊರಹೋಗಲು ದಾರಿ ಇಲ್ಲದೆ ಟ್ಯಾಂಕ್ ಸಿಡಿಯಬಹುದು. ಎಂಸಿಬಿ ಪದೇಪದೇ ಬೀಳುತ್ತದೆ ಎಂದು 16 ಆಂಪಿಯರ್ ತೆಗೆದು 32ರದ್ದು ಹಾಕುವುದು: 2 ಕಿಲೋವ್ಯಾಟ್ ಗೀಸರ್ ಎಳೆಯುವುದೇ 9 ಆಂಪಿಯರಿಗಿಂತ ಕಡಿಮೆ, 16ರದ್ದು ಬೀಳುತ್ತಿದೆ ಎಂದರೆ ತೊಂದರೆ ಬೇರೆಲ್ಲೋ ಇದೆ. 32 ಹಾಕಿದರೆ ಗೋಡೆಯೊಳಗಿನ 2.5 ಚದರ ಮಿಲಿಮೀಟರ್ ವೈರ್ ಕಾದರೂ ಎಂಸಿಬಿ ಬೀಳುವುದಿಲ್ಲ.

ಮಧ್ಯಾಹ್ನ ಒಬ್ಬಳೇ ಇದ್ದಾಗ ನೀರಿನ ಫಿಲ್ಟರ್ ಚೆಕಿಂಗ್ ಅಂತ ಇಬ್ಬರು ಬಂದರು. ಎರಡು ಲೋಟಕ್ಕೆ ವೈರಿನ ಕಡ್ಡಿ ಇಳಿಸಿದರು. ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಗಷ್ಟು ಕಟ್ಟಿತು, ಅವರ ನೀರು ಹಾಗೇ ಇತ್ತು. ‘ಮಕ್ಕಳಿಗೆ ಇದನ್ನೇ ಕುಡಿಸ್ತಿದ್ದೀರಾ ಅಕ್ಕಾ?’ ಅಂದಾಗ ಕೈಕಾಲು ನಡುಗಿತು. ಮುಂಗಡ ಕೊಟ್ಟುಬಿಟ್ಟೆ.
— ಓದುಗರು, ತುಮಕೂರು

ತಾಯಿಯ ಭಯವನ್ನೇ ಹಿಡಿದು ಮಾಡುವ ವ್ಯಾಪಾರ ಇದು. ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತದೆ. ಕರೆಂಟ್ ಹರಿದಾಗ ಕಬ್ಬಿಣವೇ ಕರಗಿ ತುಕ್ಕಿನ ಗಷ್ಟಾಗುತ್ತದೆ. ಲೋಟದಲ್ಲಿ ಕಂಡ ಕೊಳೆ ಕಡ್ಡಿಯದು, ನಿಮ್ಮ ನೀರಿನದಲ್ಲ. ಕರೆಂಟ್ ಹರಿಯಲು ನೀರಿನಲ್ಲಿ ಲವಣ ಬೇಕು. ಆರ್‌ಒ (ಲವಣವನ್ನೂ ಸೋಸುವ ಯಂತ್ರ) ಕೊಟ್ಟ ನೀರಿನಲ್ಲಿ ಅದು ತೀರಾ ಕಡಿಮೆ, ಹಾಗಾಗಿ ಬಣ್ಣ ಬರಲಿಲ್ಲ. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಸಿದ್ದರೆ ಅದೂ ಕಂದಾಗುತ್ತಿತ್ತು. ಮುಂದೆ ಯಾರಾದರೂ ಬಂದರೆ ಉಪ್ಪಿನ ಡಬ್ಬಿ ತಂದಿಡಿ, ಸಾಕು.

ಫಿಲ್ಟರ್ ಬೇಕೋ ಬೇಡವೋ ಎಂಬುದಕ್ಕೆ ನೀರಿನ ಲ್ಯಾಬ್ ಪರೀಕ್ಷೆ ನೋಡಬೇಕು. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಒಂದನ್ನೇ ತೆಗೆದುಕೊಂಡರೆ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಈಗಾಗಲೇ ಆರ್‌ಒ ಇರುವ ಮನೆಗೆ ಬಂದು ‘ಮೆಂಬ್ರೇನ್ ಹೋಗಿದೆ’ (ಲವಣ ತಡೆಯುವ ಪೊರೆ ಅದು) ಎಂದರೆ ಟಿಡಿಎಸ್ ಮೀಟರಿನಲ್ಲಿ ಒಳಬರುವ ನೀರು, ಹೊರಬರುವ ನೀರು ಎರಡನ್ನೂ ಅಳೆಯಿಸಿ. ಒಳಗೆ 600, ಹೊರಗೆ 60 ಇದ್ದರೆ ಮೆಂಬ್ರೇನ್ ಚೆನ್ನಾಗಿಯೇ ಇದೆ. ಹೊರಗೆ 250 ಬಂದರೂ ಗಾಬರಿ ಬೇಡ. ರುಚಿಗಾಗಿ ಒಳಬರುವ ನೀರನ್ನೇ ಸ್ವಲ್ಪ ಬೆರೆಸುವ ಟಿಡಿಎಸ್ ಸ್ಕ್ರೂ ಯಂತ್ರದಲ್ಲಿದ್ದರೆ ಮೊದಲು ಅದನ್ನು ಮುಚ್ಚಿಸಿ, ಮತ್ತೆ ಅಳೆಯಿಸಿ. ಇನ್ನು ಮೊದಲ ಹಂತದ ಬಿಳಿ ಫಿಲ್ಟರ್ ಕೆಂಪಗಾಗಿದೆ ಎಂದು ಮುಖದ ಮುಂದೆ ಹಿಡಿದರೆ, ಮಣ್ಣು ಹಿಡಿಯುವುದೇ ಅದರ ಕೆಲಸ. ಅದೊಂದನ್ನು ಬದಲಿಸಿದರಾಯಿತು.

ಮುಂಗಡದ ರಸೀದಿ ಇದ್ದರೆ ಇಂದೇ ಲಿಖಿತವಾಗಿ ರದ್ದು ಮಾಡಿ ಹಣ ವಾಪಸ್ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಎಸಿಗೆ ಪ್ರತಿ ಬೇಸಿಗೆಗೂ ‘ಗ್ಯಾಸ್ ಖಾಲಿ’ ಅಂತಾರೆ. ಪಕ್ಕದ ಮನೆಯಲ್ಲಿ ಗಂಡಸರು ನಿಂತು ಮಾಡಿಸ್ತಾರೆ, ಅವರಿಗೆ ಬರೀ ಸರ್ವಿಸ್ ಚಾರ್ಜ್.
— ಶಿಕ್ಷಕಿ, ಕಲಬುರಗಿ

ಎಸಿಯ ಗ್ಯಾಸ್ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಪೈಪಿನಲ್ಲೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಮುಚ್ಚದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು. ಆದ್ದರಿಂದ ಹೀಗೆ ಕೇಳಿ: ‘ಲೀಕ್ ಎಲ್ಲಿದೆ? ನೈಟ್ರೋಜನ್ ಪ್ರೆಷರ್ ಟೆಸ್ಟ್ ಮಾಡ್ತೀರಾ? ವ್ಯಾಕ್ಯೂಮ್ ಪಂಪ್ ತಂದಿದ್ದೀರಾ? ಗ್ಯಾಸ್ ತೂಕ ಮಾಡಿ ಹಾಕ್ತೀರಾ?’ ನೈಟ್ರೋಜನ್ ಟೆಸ್ಟ್ ಸೋರಿಕೆ ಪತ್ತೆಗೆ, ವ್ಯಾಕ್ಯೂಮ್ ಪಂಪ್ ಪೈಪಿನೊಳಗಿನ ಗಾಳಿ ತೆಗೆಯಲು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಹೊರಗಿನ ಯೂನಿಟ್ಟಿನ ಫಲಕದ ಮೇಲೆ ಅಚ್ಚಾಗಿದೆ. ಫೋಟೋ ತೆಗೆದಿಟ್ಟುಕೊಂಡು ಅದನ್ನೇ ಓದಿ ಹೇಳಿ. ಇದಕ್ಕೆಲ್ಲ ಮೊದಲು ಒಳಗಿನ ಜಾಲರಿ ಫಿಲ್ಟರ್ ತೊಳೆದು, ಹೊರಗಿನ ಯೂನಿಟ್ಟಿನ ಧೂಳು ತೆಗೆಸಿ ನೋಡಿ. ಕಲಬುರಗಿಯ ಧೂಳಿಗೆ ತಂಪು ಕಡಿಮೆಯಾಗಲು ಅಷ್ಟೇ ಸಾಕು.

ಬಾತ್‌ರೂಮಿನಿಂದ ಕೆಳಗಿನ ಮನೆಗೆ ತೇವ ಇಳಿಯುತ್ತಿದೆ. ಗುತ್ತಿಗೆದಾರರು ಪೂರ್ತಿ ಟೈಲ್ಸ್ ಒಡೆಯಬೇಕು ಅಂತಾರೆ. ನಾನು ಕೇಳಿದ್ದಕ್ಕೆಲ್ಲ ಮಾವನವರ ಮುಖ ನೋಡಿ ಉತ್ತರ ಕೊಡುತ್ತಾರೆ. ಮನೆ ಸಾಲದ ಕಂತು ಕಟ್ಟುವುದು ನಾನು.
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಎರಡನೆಯದಕ್ಕೆ ಮೊದಲು ಉತ್ತರ. ಇಲ್ಲಿ ಕೆಲಸ ಮಾಡಬೇಕಾದವರು ನಿಮ್ಮ ಮಾವನವರು. ಹಿಂದಿನ ದಿನವೇ ಅವರ ಹತ್ತಿರ ಮಾತಾಡಿಡಿ: ‘ಮಾವ, ಅವರು ನಿಮ್ಮನ್ನು ಕೇಳಿದರೆ ಸೊಸೆಯನ್ನೇ ಕೇಳಿ ಅಂತ ಹೇಳಿಬಿಡಿ.’ ಮನೆಯ ಹಿರಿಯರು ಒಮ್ಮೆ ಹಾಗೆ ಹೇಳಿದರೆ ಗುತ್ತಿಗೆದಾರರು ತಾವಾಗಿ ನಿಮ್ಮ ಕಡೆ ತಿರುಗುತ್ತಾರೆ. ಕರಾರು ಪತ್ರ ನಿಮ್ಮ ಹೆಸರಿಗಿರಲಿ, ಹಣ ನಿಮ್ಮ ಖಾತೆಯಿಂದಲೇ ಹೋಗಲಿ. ಮನೆಯ ಗಂಡಸರಿಗೆ ನಾವು ಕೇಳಿಕೊಳ್ಳುವುದು ಇಷ್ಟೇ: ಹೆಂಡತಿಯೋ ಸೊಸೆಯೋ ಮಾಡಿಸುತ್ತಿರುವ ಕೆಲಸದಲ್ಲಿ ಪ್ರಶ್ನೆ ನಿಮ್ಮ ಕಡೆ ಬಂದರೆ ಉತ್ತರ ಗೊತ್ತಿದ್ದರೂ ಅವರಿಗೇ ದಾಟಿಸಿ.

ಇನ್ನು ತೇವ. ಒಡೆಯುವ ಮೊದಲು ನೀರು ಪೈಪಿನದೋ ನೆಲದ್ದೋ ಎಂದು ಪತ್ತೆ ಮಾಡಿ. ಕೆಳಮನೆಯ ಸೀಲಿಂಗಿನ ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಬಾತ್‌ರೂಮನ್ನು 2–3 ದಿನ ಬಳಸಬೇಡಿ, ಆದರೆ ನೀರಿನ ಗೇಟ್ ವಾಲ್ವ್ ತೆರೆದೇ ಇರಲಿ. ಬಳಸದಿದ್ದರೂ ಕಲೆ ದೊಡ್ಡದಾದರೆ ಗೋಡೆಯೊಳಗಿನ ಪೈಪ್ ಸೋರುತ್ತಿದೆ. ಆಗ ಟೈಲ್ಸ್ ಪೂರ್ತಿ ಒಡೆಯುವ ಮಾತೇ ಇಲ್ಲ. ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡಿ, ಆ ಸಾಲಿನಲ್ಲಷ್ಟೇ ಒಡೆದರಾಯಿತು.

ಬಳಸದಿದ್ದಾಗ ಕಲೆ ಒಣಗಿದರೆ ತೊಂದರೆ ನೆಲದ್ದು, ಇಲ್ಲವೇ ನೀರು ಹೊರಹೋಗುವ ದಾರಿಯದು. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿ) ಬಾಯಿಗೆ ಬಟ್ಟೆ ಸುತ್ತಿದ ಬಿರಡೆ ಬಿಗಿದು, ಒಂದೂವರೆ ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಕೆಲವು ಮಿಲಿಮೀಟರ್ ಆವಿಯಾಗುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದು ಕೆಳಗೆ ತೇವ ಬಂದರೆ ನೆಲದ್ದೇ ದೋಷ. ಇಳಿಯದೆ ನಿಂತಿತೇ? ಹಾಗಾದರೆ ಬಿರಡೆ ತೆಗೆದು ನೀರು ಹರಿಯಬಿಟ್ಟು ಕೆಳಗೆ ನೋಡಿ. ಆಗ ತೊಟ್ಟಿಕ್ಕಿದರೆ ಟ್ರ್ಯಾಪ್ ಮತ್ತು ಪೈಪಿನ ಜೋಡಣೆ ಬಿಟ್ಟಿದೆ, ಒಂದೆರಡು ಟೈಲ್ಸ್ ಒಡೆದು ಸರಿಮಾಡಬಹುದು.

ನೆಲವೇ ಸೋರುತ್ತದೆ ಎಂದಾದರೆ, ಬರೀ ಟೈಲ್ಸ್ ನಡುವಿನ ಸಂದು ಬಿಟ್ಟಿದ್ದಲ್ಲಿ ಹಳೆಯದನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ ಮತ್ತೆ ನೀರು ನಿಲ್ಲಿಸಿ ನೋಡಿ. ಅದಕ್ಕೂ ನಿಲ್ಲದಿದ್ದರೆ ಒಡೆಯಲೇಬೇಕು. ಆಗ ಕರಾರಿನಲ್ಲಿ ಬರೆಸಬೇಕಾದದ್ದು: ವಾಟರ್‌ಪ್ರೂಫ್ ಲೇಪನ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡವಾಗಿ, ಗೋಡೆಯ ಮೇಲೆ ಕನಿಷ್ಠ ಒಂದು ಅಡಿ, ಷವರ್ ಇರುವ ಕಡೆ ಆರು ಅಡಿ, ಒಣಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ. ಹಣದ ದೊಡ್ಡ ಕಂತನ್ನು ಈ ಪರೀಕ್ಷೆಗೆ ಕಟ್ಟಿಹಾಕಿ. ಟೈಲ್ಸ್ ಕೂತ ಮೇಲೆ ಕೆಳಗೆ ಏನಾಗಿದೆ ಎಂದು ಯಾರಿಗೂ ಕಾಣುವುದಿಲ್ಲ.

ಪೇಂಟರ್ ಒಂದು ರೂಮಿಗೆ 20 ಲೀಟರ್ ಬಕೆಟ್ ತರಿಸಿ ಅಂತಾರೆ. ಜಾಸ್ತಿ ಅನ್ನಿಸಿತು, ಕೇಳೋಕೆ ಸಂಕೋಚ.
— ಓದುಗರು, ಹುಬ್ಬಳ್ಳಿ

ಲೆಕ್ಕ ಹಾಕಿಕೊಂಡರೆ ಸಂಕೋಚ ಬೇಕಿಲ್ಲ. 10 ಅಡಿಗೆ 12 ಅಡಿಯ ಕೋಣೆ, ಎತ್ತರ 10 ಅಡಿ. ಸುತ್ತಳತೆ 44 ಅಡಿ, ಗೋಡೆ 440 ಚದರಡಿ. ಬಾಗಿಲು 21, ಕಿಟಕಿ 16 ಕಳೆದರೆ 403. ಪುಟ್ಟಿ, ಪ್ರೈಮರ್ ಆದ ಗೋಡೆಗೆ ಎರಡು ಕೋಟ್ ಹೊಡೆಯಲು ಒಂದು ಲೀಟರ್ ಎಮಲ್ಷನ್ ಸುಮಾರು 60ರಿಂದ 70 ಚದರಡಿಗೆ ಬರುತ್ತದೆ. ಅಂದರೆ 6ರಿಂದ 7 ಲೀಟರ್. ಕೂಲಿಯ ಅಳತೆಯಲ್ಲಿ ಬಾಗಿಲು, ಕಿಟಕಿ ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಬ್ರಷ್ ಮುಟ್ಟುವ ಮೊದಲೇ ಮಾತಾಡಿಕೊಳ್ಳಿ, ಟೇಪಿನ ಒಂದು ತುದಿ ನೀವೇ ಹಿಡಿಯಿರಿ. ಡಬ್ಬಿಯ ಸೀಲ್ ನಿಮ್ಮ ಮುಂದೆಯೇ ಒಡೆಯಲಿ, ಖಾಲಿ ಡಬ್ಬಿ ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇರಲಿ.

ಬೆಂಗಳೂರಿನಲ್ಲಿ ಒಬ್ಬಳೇ ಬಾಡಿಗೆಗಿದ್ದೇನೆ. ನಲ್ಲಿ ಸರಿಮಾಡಿ ಹೋದವನು ಈಗ ರಾತ್ರಿ ಹೊತ್ತು ‘ಊಟ ಆಯ್ತಾ?’ ಅಂತ ಮೆಸೇಜ್ ಹಾಕುತ್ತಾನೆ. ಮನೆಯೂ ಗೊತ್ತು, ಹೆದರಿಕೆ.
— ಹೆಸರು ಬೇಡ

ಸುಮ್ಮನಿದ್ದರೆ ತಾನಾಗಿ ನಿಲ್ಲುತ್ತದೆ ಎಂದು ಕಾಯಬೇಡಿ. ಒಂದೇ ಒಂದು ಉತ್ತರ ಬರೆಯಿರಿ: ‘ಕೆಲಸ ಮುಗಿದಿದೆ. ಇನ್ನು ಮುಂದೆ ನನಗೆ ಮೆಸೇಜ್, ಕರೆ ಮಾಡಬೇಡಿ.’ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಹಳೆಯದನ್ನೂ ಅಳಿಸಬೇಡಿ. ಹೆಣ್ಣು ತನಗೆ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಪದೇಪದೇ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ‘ಸ್ಪಷ್ಟವಾಗಿ ತಿಳಿಸಿದ’ ಎಂಬುದಕ್ಕೆ ಆ ಒಂದು ಉತ್ತರವೇ ಸಾಕ್ಷಿ. ಆಮೇಲೂ ಬಂದರೆ ಠಾಣೆಗೆ ದೂರು ಕೊಡಿ. ಮಹಿಳಾ ಸಹಾಯವಾಣಿ 181, ಬಾಗಿಲಿಗೇ ಬಂದರೆ 112. ಮನೆ ಮಾಲೀಕರಿಗೂ ಪಕ್ಕದವರಿಗೂ ಹೇಳಿಡಿ. ಇದರಲ್ಲಿ ನಾಚಿಕೊಳ್ಳಬೇಕಾದವರು ನೀವಲ್ಲ.

ಮುಂದೆ ಕೆಲಸಕ್ಕೆ ಕರೆಯುವಾಗ ಹಗಲು ಹೊತ್ತು ಗೊತ್ತುಮಾಡಿ. ಕೆಲಸ ನಡೆಯುವಾಗ ಮುಂಬಾಗಿಲು ತೆರೆದಿರಲಿ, ಬಂದವರು ಒಳಗಿದ್ದಾಗಲೇ ಯಾರಿಗಾದರೂ ಫೋನ್ ಮಾಡಿ ‘ಪ್ಲಂಬರ್ ಬಂದಿದ್ದಾರೆ’ ಎಂದು ಕೇಳಿಸುವಂತೆ ಹೇಳಿ. ‘ಒಬ್ರೇ ಇರೋದಾ ಮೇಡಂ?’ ಎಂಬ ಪ್ರಶ್ನೆಗೆ ನಿಜ ಹೇಳುವ ಋಣ ನಿಮಗಿಲ್ಲ.

ನಾನು 20 ವರ್ಷದಿಂದ ಪ್ಲಂಬರ್. ಎಲ್ಲರನ್ನೂ ಮೋಸಗಾರರ ಥರ ನೋಡ್ತಾರೆ. ನಿಜ ಹೇಳಬೇಕಂದ್ರೆ ಹೆಂಗಸರೇ ಜಾಸ್ತಿ ಚೌಕಾಸಿ ಮಾಡೋದು. ವಾಷರ್ ಹತ್ತು ರೂಪಾಯಿ, ನೀವ್ಯಾಕೆ ಮುನ್ನೂರು ಕೇಳ್ತೀರಿ ಅಂತಾರೆ.
— ಪ್ಲಂಬರ್, ಮೈಸೂರು

ನಿಮ್ಮ ಬೇಸರ ನ್ಯಾಯವಾದದ್ದು. ಬಂದು ಹೋಗುವ ಪೆಟ್ರೋಲ್, ಅರ್ಧ ದಿನದ ಹೊತ್ತು, ಯಾವ ವಾಷರ್ ಎಂದು ನೋಡಿದ ತಕ್ಷಣ ಹೇಳುವ ಅನುಭವ, ಇವೆಲ್ಲ ಆ ಮುನ್ನೂರರಲ್ಲಿವೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಸಾಮಾನಿನ ಬಿಲ್ ಕೇಳಿ ಎಂದು ಓದುಗರಿಗೂ ಹೇಳುತ್ತೇವೆ. ಆದರೆ ಹತ್ತು ಸಲ ಟೋಪಿ ಹಾಕಿಸಿಕೊಂಡವರು ಹನ್ನೊಂದನೆಯವರನ್ನು ನಂಬುವುದು ಕಷ್ಟ ಅಣ್ಣ, ಆ ಹನ್ನೊಂದನೆಯವರು ನೀವಾಗಿರುತ್ತೀರಿ.

ಹಾಗಾಗಿ ಎರಡು ರೂಢಿ ಮಾಡಿಕೊಳ್ಳಿ. ಬಿಚ್ಚಿದ ಹಳೆಯ ಪಾರ್ಟನ್ನು ಚೀಲಕ್ಕೆ ಹಾಕಿಕೊಳ್ಳುವ ಮೊದಲು ಅಂಗೈ ಮೇಲಿಟ್ಟು ತೋರಿಸಿ: ‘ನೋಡಿ ಅಮ್ಮ, ರಬ್ಬರ್ ಇಲ್ಲಿ ಹರಿದಿದೆ, ಅದಕ್ಕೇ ಹನಿಯುತ್ತಿತ್ತು.’ ಬೇಡ ಎಂದರೆ ಮಾತ್ರ ತೆಗೆದುಕೊಂಡು ಹೋಗಿ. ಇನ್ನೊಂದು, ಕಾರ್ಬನ್ ಹಾಳೆಯ ಬಿಲ್ ಪುಸ್ತಕ. ಅದರಲ್ಲಿ ವಿಸಿಟಿಂಗ್, ಕೂಲಿ, ಸಾಮಾನು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಸಾಮಾನಿನ ಸಾಲಿನಲ್ಲಿ ಕಂಪನಿ ಹೆಸರು, ಅಳತೆ ಇರಲಿ: ‘ಅರ್ಧ ಇಂಚಿನ ಆ್ಯಂಗಲ್ ಕಾಕ್, 1’. ಕೆಳಗೆ ದಿನಾಂಕ, ಎಷ್ಟು ದಿನದೊಳಗೆ ಮತ್ತೆ ಸೋರಿದರೆ ಕೂಲಿ ಇಲ್ಲದೆ ಬರುತ್ತೀರಿ ಎಂಬ ಮಾತು, ನಿಮ್ಮ ಸಹಿ. ಆ ಚೀಟಿಯನ್ನು ‘ಸಾರ್‌ಗೆ ಕೊಡಿ’ ಎಂದು ಟೀಪಾಯಿ ಮೇಲಿಟ್ಟು ಹೋಗಬೇಡಿ. ಕೆಲಸ ಮಾಡಿಸಿದವರ ಕೈಗೇ ಕೊಟ್ಟು, ಸಾಲು ಸಾಲಾಗಿ ಓದಿ ಹೇಳಿ.